ಊರಿಗೆ ಊರಿನದೇ ಬ್ರಾಡ್‌ಬ್ಯಾಂಡ್: ಹಣ ಹೊಂದಿಸುವುದು ಹೇಗೆ?

‘ಪಂಚಾಯತಿ ಕಟ್ಟಡದವರೆಗೆ ಫೈಬರ್ ಬಂದಿದೆ, ನಮ್ಮ ಓಣಿಗೆ ಬಂದಿಲ್ಲ. ನಾವೇ ಎಳೆದುಕೊಳ್ಳುತ್ತೇವೆ ಎಂದರೆ ದುಡ್ಡು ಯಾರು ಕೊಡುತ್ತಾರೆ?’ ರೋಣ, ಹಾನಗಲ್ಲ, ನವಲಗುಂದ, ಶಿರಹಟ್ಟಿ, ಯಾವ ಕಡೆಯ ಓದುಗರು ಬರೆದರೂ ಪ್ರಶ್ನೆ ಇದೇ. ಒಬ್ಬೊಬ್ಬರಿಗೆ ತುಣುಕು ತುಣುಕಾಗಿ ಉತ್ತರಿಸುವ ಬದಲು ಒಮ್ಮೆ ಪೂರ್ತಿ ಬರೆದಿದ್ದೇನೆ.

ಇಡೀ ಕೆಲಸಕ್ಕೆ ಒಂದೇ ಕಡೆಯಿಂದ ಹಣ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡಿ. ಉಪಕರಣಕ್ಕೆ ಕೊಡುವವರು ಸಂಬಳಕ್ಕೆ ಕೊಡುವುದಿಲ್ಲ, ಕಟ್ಟಡಕ್ಕೆ ಕೊಡುವವರು ಕರೆಂಟ್ ಬಿಲ್ಲಿಗೆ ಕೊಡುವುದಿಲ್ಲ. ಟವರ್ ನಿಲ್ಲಿಸಲು ದುಡ್ಡು ಹುಡುಕುವುದು ಕಷ್ಟವೇ. ಆದರೆ ನಿಲ್ಲಿಸಿದ ಟವರನ್ನು ಎರಡನೆಯ ವರ್ಷ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಹಾಗಾಗಿ ಈ ಲೇಖನದಲ್ಲಿ ತಿಂಗಳ ಖರ್ಚಿನ ಲೆಕ್ಕ ಮೊದಲು ಬರುತ್ತದೆ, ಅನುದಾನದ ಮಾತು ಆಮೇಲೆ.

ಶುರು ಮಾಡುವ ಮೊದಲು ಕೈಯಲ್ಲಿರಬೇಕಾದದ್ದು ಇಷ್ಟು: ಐದಾರು ಜನರ ಒಂದು ಗುಂಪು, ಅದರಲ್ಲಿ ಲೆಕ್ಕ ಬರೆಯುವ ಅಭ್ಯಾಸವಿರುವ ಒಬ್ಬರು, ಓಣಿ, ನೀರಿನ ಟಾಕಿ, ಶಾಲೆ, ವಿದ್ಯುತ್ ಕಂಬಗಳನ್ನು ಗುರುತಿಸಿದ ಊರಿನ ನಕ್ಷೆ, ಒಂದು ದಪ್ಪ ನೋಟ್‌ಬುಕ್. ಇನ್ನೊಂದು ಮಾತು. ಇಲ್ಲಿ ಪಿಡಿಒ ಎಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಕೇಂದ್ರದ ವೈಫೈ ಯೋಜನೆಯಲ್ಲೂ ಪಿಡಿಒ ಎಂಬ ಹೆಸರು ಬರುತ್ತದೆ. ಅದನ್ನು ನಾನು ‘ಡೇಟಾ ಅಂಗಡಿ’ ಎನ್ನುತ್ತೇನೆ.

ಹಂತ 1: ಊರಿನಲ್ಲಿ ಈಗಾಗಲೇ ಏನಿದೆ ನೋಡಿ

ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಗೆ 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಬಂತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಫೈಬರ್ ಮುಟ್ಟಿಸುವುದು ಅದರ ಗುರಿ. ಹಣ ಬರುವುದು ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಮೇಲೆ ಕಟ್ಟುವ ಶೇ 5ರ ತೆರಿಗೆಯಂಥ ಪಾಲಿನಿಂದ. ಆ ನಿಧಿಗೆ ಈಗಿನ ಹೆಸರು ಡಿಜಿಟಲ್ ಭಾರತ್ ನಿಧಿ. ಅಂದರೆ ನೀವು ಮೊಬೈಲ್ ರೀಚಾರ್ಜ್ ಮಾಡಿಸುವಾಗಲೆಲ್ಲ ಹಳ್ಳಿಯ ಫೈಬರಿಗೆ ಒಂದಿಷ್ಟು ಕೊಡುತ್ತಲೇ ಬಂದಿದ್ದೀರಿ. ಕಚೇರಿಗೆ ಹೋಗುವಾಗ ಕೈ ಹೊಸೆಯುತ್ತ ನಿಲ್ಲಬೇಕಾಗಿಲ್ಲ.

ಪಂಚಾಯತಿ ಕಚೇರಿಯಲ್ಲಿ ಗೋಡೆಗೆ ಹಾಕಿದ ಪೆಟ್ಟಿಗೆ, ಅದರೊಳಗೆ ಫೈಬರ್ ಬಂದು ಸೇರುವ ಸಣ್ಣ ಸಾಧನ ಇರುತ್ತದೆ. ಅದರ ದೀಪ ಉರಿಯುತ್ತಿದೆಯೇ? ಒಂದು ದಿನ ನೋಡಿ ಬಂದರೆ ಸಾಲದು. ಎರಡು ವಾರ, ದಿನಕ್ಕೆ ಎರಡು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಸಂಪರ್ಕ ಹೊಂದಿದೆ’ ಎಂದು ಕಡತದಲ್ಲಿರುವುದಕ್ಕೂ ಸಂಪರ್ಕ ನಡೆಯುತ್ತಿರುವುದಕ್ಕೂ ಇರುವ ಅಂತರ ಆ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಮುಂದೆ ಹಣ ಕೇಳುವಾಗ ಅದು ನಿಮ್ಮ ಬಲವಾದ ಕಾಗದವಾಗುತ್ತದೆ.

ನಿಮ್ಮದು ಪಂಚಾಯತಿ ಕೇಂದ್ರವಲ್ಲದ ಹಳ್ಳಿಯೇ? 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗೆ ಒಪ್ಪಿಗೆ ಪಡೆದ ತಿದ್ದುಪಡಿ ಭಾರತ್‌ನೆಟ್ ಕಾರ್ಯಕ್ರಮ ಎರಡು ಮುಖ್ಯ ಬದಲಾವಣೆ ತಂದಿದೆ. ಮೊದಲನೆಯದು, ಸಾಲಾಗಿ ಎಳೆದ ಫೈಬರನ್ನು ಬಳೆಯಂತೆ ಸುತ್ತಿಸುವುದು. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುತ್ತದೆ. ಎರಡನೆಯದು, ಪಂಚಾಯತಿ ಕೇಂದ್ರವಲ್ಲದ ಸುಮಾರು 3.8 ಲಕ್ಷ ಹಳ್ಳಿಗಳಿಗೆ ಬೇಡಿಕೆ ಬಂದರೆ ಸಂಪರ್ಕ ಕೊಡುವುದು. ‘ಬೇಡಿಕೆ ಬಂದರೆ’ ಎಂದಿರುವುದನ್ನು ಗಮನಿಸಿ. ಬೇಡಿಕೆ ಎಂದರೆ ಕಟ್ಟೆಯ ಮೇಲಿನ ಗೊಣಗಾಟವಲ್ಲ, ಗ್ರಾಮಸಭೆಯ ಠರಾವು. ಅದರ ಪ್ರತಿ ತಾಲೂಕು ಪಂಚಾಯತಿಗೂ ಬಿಎಸ್‌ಎನ್‌ಎಲ್ ಕಚೇರಿಗೂ ಹೋಗಬೇಕು, ಸ್ವೀಕೃತಿಯ ಮುದ್ರೆ ನಿಮ್ಮ ಕೈಗೆ ಬರಬೇಕು.

ಹಂತ 2: ಯಾರಿಗೆ ಬೇಕು ಎಂದು ಎಣಿಸಿ

‘ನಿಮಗೆ ನೆಟ್ ಬೇಕೇ?’ ಎಂದು ಕೇಳಿದರೆ ಊರಿಗೆ ಊರೇ ಹೌದು ಎನ್ನುತ್ತದೆ. ಆ ಹೌದಿಗೆ ಬೆಲೆ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಈಗ ಮನೆಯ ಎಲ್ಲ ಮೊಬೈಲುಗಳಿಗೆ ಸೇರಿ ತಿಂಗಳಿಗೆ ಎಷ್ಟು ಹಾಕಿಸುತ್ತೀರಿ, ಮನೆಗೆ ನೆಟ್ ಬಂದರೆ ಅದರಲ್ಲಿ ಎಷ್ಟು ಉಳಿಯುತ್ತದೆ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಯಾವ ತಿಂಗಳಲ್ಲಿ ಕೈ ಬಿಗಿಯಾಗಿರುತ್ತದೆ. ಸಹಿ ಹಾಕಿಸಿಕೊಳ್ಳಿ.

ಮನೆಗಳಿಗಿಂತ ಮೊದಲು ಸಂಸ್ಥೆಗಳನ್ನು ಹಿಡಿಯಿರಿ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಹಾಲಿನ ಡೇರಿ, ಪ್ರೌಢಶಾಲೆ, ಆರೋಗ್ಯ ಕೇಂದ್ರ, ಅರಿವು ಕೇಂದ್ರ ಎಂದು ಕರೆಯುವ ಪಂಚಾಯತಿ ಗ್ರಂಥಾಲಯ, ಗ್ರಾಮ ಒನ್ ಕೇಂದ್ರ. ಇವು ಬೆಳೆ ಹೋದ ವರ್ಷವೂ ಬಿಲ್ಲು ಕಟ್ಟುತ್ತವೆ. ಇಂಥ ಗಿರಾಕಿಗಳು ಮೂರು ನಾಲ್ಕಾದರೂ ಸಿಗದಿದ್ದರೆ ಪಕ್ಕದ ಊರಿನವರೊಂದಿಗೆ ಸೇರಿ ಮಾಡುವುದು ಲೇಸು.

ಹಂತ 3: ತಿಂಗಳ ಲೆಕ್ಕ ಹಾಕಿ

ಇಲ್ಲಿ ಅವಸರ ಬೇಡ. ಕೆಳಗಿನ ಅಂಕಿಗಳು ಲೆಕ್ಕದ ಕ್ರಮ ತೋರಿಸಲು ನಾನೇ ಇಟ್ಟವು. ನಿಮ್ಮ ಊರಿನ ದರಗಳನ್ನು ವಿಚಾರಿಸಿ ಅಲ್ಲಿ ತುಂಬಿಕೊಳ್ಳಿ.

80 ಮನೆ, ಮನೆಗೆ ತಿಂಗಳಿಗೆ 350 ರೂಪಾಯಿ ಎಂದುಕೊಳ್ಳೋಣ. ಕಾಗದದ ಮೇಲೆ 28,000 ರೂಪಾಯಿ. ಆದರೆ ಎಲ್ಲರೂ ಎಲ್ಲ ತಿಂಗಳೂ ಕಟ್ಟುವುದಿಲ್ಲ. ನಾಲ್ಕರಲ್ಲಿ ಮೂರು ಪಾಲು ಬರುತ್ತದೆ ಎಂದು ಹಿಡಿದರೆ 21,000. ಈಗ ಖರ್ಚು: ದೊಡ್ಡ ಕಂಪನಿಯಿಂದ ಕೊಳ್ಳುವ ಮೂಲ ಸಂಪರ್ಕಕ್ಕೆ 10,000, ತಂತಿ ರೂಟರ್ ನೋಡಿಕೊಳ್ಳುವ ಹುಡುಗ ಅಥವಾ ಹುಡುಗಿಗೆ ಅರೆಕಾಲಿಕ ಸಂಬಳ 6,000, ವಿದ್ಯುತ್ತಿಗೆ 1,000, ಕಂಬ ಮತ್ತು ಜಾಗದ ಬಾಡಿಗೆ 1,000, ದುರಸ್ತಿ ನಿಧಿಗೆ 3,000. ಕೂಡಿಸಿ ನೋಡಿ: 21,000. ಬಂದದ್ದೆಲ್ಲ ಹೋಯಿತು.

ಈ ಲೆಕ್ಕದಲ್ಲಿ ಸಾಲದ ಕಂತಿಗೆ ಜಾಗವೇ ಇಲ್ಲ. ಜಿಎಸ್‌ಟಿಯನ್ನೂ ಸೇರಿಸಿಲ್ಲ, ಇಂಟರ್‌ನೆಟ್ ಸೇವೆಗೆ ಅದು ಶೇ 18. ಸಣ್ಣ ಊರಿನ ಜಾಲವನ್ನು ಬ್ಯಾಂಕ್ ಸಾಲದ ಮೇಲೆ ಕಟ್ಟಬೇಡಿ ಎಂದು ನಾನು ಹೇಳುವುದು ಇದಕ್ಕೇ. ಮೊದಲ ಬಂಡವಾಳ ಅನುದಾನದಿಂದ ಅಥವಾ ಶೇರಿನಿಂದ ಬರಬೇಕು, ತಿಂಗಳ ಖರ್ಚು ಚಂದಾದಾರರಿಂದ ಬರಬೇಕು. ಎರಡನ್ನೂ ಒಂದೇ ಖಾತೆಯಲ್ಲಿ ಕಲಸಬೇಡಿ.

ದುರಸ್ತಿ ನಿಧಿಯ 3,000 ರೂಪಾಯಿಯನ್ನು ‘ಸದ್ಯಕ್ಕೆ ಬೇಡ’ ಎಂದು ತೆಗೆಯುವವರೇ ಹೆಚ್ಚು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಗುಡುಗು ಸಿಡಿಲು ಜೋರು. ಒಂದು ಸಿಡಿಲಿಗೆ ಟಾಕಿಯ ಮೇಲಿನ ರೇಡಿಯೋ, ಕೆಳಗಿನ ಸ್ವಿಚ್ ಎರಡೂ ಸುಟ್ಟುಹೋಗಬಹುದು. ಬ್ಯಾಟರಿಯನ್ನಂತೂ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಆ ಹಣವನ್ನು ಯಾವ ಯೋಜನೆಯೂ ಕೊಡುವುದಿಲ್ಲ.

ವಸೂಲಿಯ ದಿನವನ್ನು ಬೆಳೆ ನೋಡಿ ಇಡಿ. ಗದಗ, ರೋಣದ ಕಡೆ ಹೆಸರುಕಾಳಿನ ಬೆಳೆ ಬಂದಾಗ, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋದಾಗ ಆರು ತಿಂಗಳ ಹಣ ಒಟ್ಟಿಗೆ ಕಟ್ಟುವ ಅವಕಾಶ ಕೊಡಿ, ಒಂದಿಷ್ಟು ರಿಯಾಯಿತಿಯನ್ನೂ ಕೊಡಿ. ತಿಂಗಳಿಗೊಮ್ಮೆ ಬಾಗಿಲು ತಟ್ಟುವುದಕ್ಕಿಂತ ಇದರಲ್ಲಿ ಹೆಚ್ಚು ಹಣ ಬರುತ್ತದೆ.

ಹಂತ 4: ಕಾನೂನಿನ ಪ್ರಕಾರ ನೀವು ಯಾರು?

ದೊಡ್ಡ ಎಡವಟ್ಟು ಆಗುವುದು ಇಲ್ಲಿ. ಮನೆಬಳಕೆಯ ಫೈಬರ್ ಸಂಪರ್ಕ ಒಂದನ್ನು ಪಡೆದು, ಅದನ್ನೇ ಹತ್ತು ಮನೆಗೆ ಹಂಚಿ ದುಡ್ಡು ತೆಗೆದುಕೊಳ್ಳುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ದೂರಸಂಪರ್ಕ ಸೇವೆ ಕೊಟ್ಟರೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಲಾಭಕ್ಕಲ್ಲ, ಊರಿಗಾಗಿ ಮಾಡಿದೆವು’ ಎಂಬ ಮಾತು ಕೆಲಸಕ್ಕೆ ಬರುವುದಿಲ್ಲ. ಸರಿಯಾದ ದಾರಿಗಳು ಮೂರು.

ಒಂದು: ಬಿಎಸ್‌ಎನ್‌ಎಲ್ ಅಥವಾ ಖಾಸಗಿ ಕಂಪನಿಯ ಸ್ಥಳೀಯ ಪಾಲುದಾರರಾಗುವುದು. ಪರವಾನಗಿ ಅವರದು. ಕೊನೆಯ ತಂತಿ, ದುರಸ್ತಿ, ವಸೂಲಿ ನಿಮ್ಮದು. ಆದಾಯದಲ್ಲಿ ಪಾಲು. ತಿದ್ದುಪಡಿ ಭಾರತ್‌ನೆಟ್‌ನಲ್ಲೂ ಹಳ್ಳಿಯ ಉದ್ಯಮಿಗಳ ಮೂಲಕ ಮನೆಗೆ ಸಂಪರ್ಕ ಕೊಡುವ ವ್ಯವಸ್ಥೆ ಇದೆ.

ಎರಡು: ಪಿಎಂ-ವಾಣಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ ಇದು. ಕಿರಾಣಿ ಅಂಗಡಿ, ಚಹಾದ ಅಂಗಡಿ, ಸೊಸೈಟಿ, ಯಾರು ಬೇಕಾದರೂ ಡೇಟಾ ಅಂಗಡಿ ತೆರೆದು ವೈಫೈ ಮಾರಬಹುದು. ಪರವಾನಗಿ ಬೇಡ, ಶುಲ್ಕ ಇಲ್ಲ. ಆದರೆ ಇಂಥ ಅಂಗಡಿಗಳನ್ನು ಒಟ್ಟುಗೂಡಿಸಿ ಬಳಕೆದಾರರ ಗುರುತು, ಲೆಕ್ಕ ನೋಡಿಕೊಳ್ಳುವ ನೋಂದಾಯಿತ ಸಂಸ್ಥೆಯೊಂದರ ಜೊತೆ ಸೇರಲೇಬೇಕು. ಹಿಂದೆ ಇಂಥ ಅಂಗಡಿಗಳಿಗೆ ಕಂಪನಿಗಳು ದುಬಾರಿ ಲೀಸ್ಡ್ ಲೈನ್, ಅಂದರೆ ಬೇರೆಯವರೊಂದಿಗೆ ಹಂಚಿಕೊಳ್ಳದ ಮೀಸಲು ಸಂಪರ್ಕವನ್ನೇ ಕೊಳ್ಳಬೇಕೆಂದು ಹೇಳುತ್ತಿದ್ದವು. 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಹೊರಡಿಸಿದ ಆದೇಶದ ಪ್ರಕಾರ 200 ಎಂಬಿಪಿಎಸ್‌ವರೆಗಿನ ಸಾಮಾನ್ಯ ಫೈಬರ್ ಯೋಜನೆಗಳನ್ನು ಡೇಟಾ ಅಂಗಡಿಗೂ ಕೊಡಬೇಕು, ದರ ಮನೆಬಳಕೆಯ ಎರಡು ಪಟ್ಟು ಮೀರುವಂತಿಲ್ಲ. ಈ ಆದೇಶದ ಪ್ರತಿ ಜೇಬಿನಲ್ಲಿರಲಿ. ಕೌಂಟರಿನಲ್ಲಿ ಕುಳಿತವರಿಗೆ ಅದು ಗೊತ್ತಿರಲೇಬೇಕೆಂದಿಲ್ಲ.

ಮೂರು: ಸ್ವಂತ ಪರವಾನಗಿ ಪಡೆದ ಸೇವಾ ಸಂಸ್ಥೆಯಾಗುವುದು. ಲೆಕ್ಕಪರಿಶೋಧನೆ, ಬಳಕೆಯ ದಾಖಲೆ ಇಡುವುದು, ವರದಿ ಸಲ್ಲಿಸುವುದು ಎಲ್ಲ ಹೆಗಲೇರುತ್ತದೆ. ಹತ್ತಿಪ್ಪತ್ತು ಹಳ್ಳಿ ಸೇರಿದ ಒಕ್ಕೂಟವಿದ್ದರೆ ಯೋಚಿಸಿ. ಒಂದೇ ಊರಿಗಾದರೆ ಬೇಡ.

ನನ್ನನ್ನು ಕೇಳಿದರೆ, ಮೊದಲ ವರ್ಷ ಪಿಎಂ-ವಾಣಿಯಲ್ಲಿ ಎರಡು ಮೂರು ಡೇಟಾ ಅಂಗಡಿ ನಡೆಸಿ. ಊರು ನಿಜಕ್ಕೂ ಎಷ್ಟು ಕೊಡುತ್ತದೆ ಎಂಬುದು ಗೊತ್ತಾದ ಮೇಲೆ ಮನೆಗಳ ಫೈಬರಿಗೆ ಕೈ ಹಾಕಿ.

ಹಂತ 5: ಯಾವ ಖರ್ಚಿಗೆ ಯಾರ ಹಣ

*ಪಂಚಾಯತಿ.* ಹಣಕಾಸು ಆಯೋಗದ ಅನುದಾನದಲ್ಲಿ ‘ನಿರ್ಬಂಧಿತ’, ‘ಅನಿರ್ಬಂಧಿತ’ ಎಂಬ ಎರಡು ಪಾಲು. 15ನೇ ಆಯೋಗದ 2021-26ರ ಅವಧಿಯಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದ ಶೇ 40ನ್ನು ಊರಿನ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳ ಮತ್ತು ಕಚೇರಿ ಖರ್ಚಿಗೆ ಅಲ್ಲ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಅದರ ಮಾರ್ಗಸೂಚಿಯನ್ನು ಪಿಡಿಒ ಅವರಿಂದ ಪಡೆದು ಓದಿಕೊಂಡೇ ಅರ್ಜಿ ಬರೆಯಿರಿ. ‘ಇಂಟರ್‌ನೆಟ್‌ಗೆ ಹಣ ಕೊಡಿ’ ಎಂದರೆ ಲೆಕ್ಕಪರಿಶೋಧಕರಿಗೆ ಹೆದರಿ ಯಾರೂ ಸಹಿ ಹಾಕುವುದಿಲ್ಲ. ‘ಗ್ರಂಥಾಲಯದಿಂದ ಶಾಲೆಗೆ ಸಂಪರ್ಕ ಕಂಬ ಮತ್ತು ಉಪಕರಣ’ ಎಂದು ಕಾಮಗಾರಿಯ ರೂಪದಲ್ಲಿ, ಅಂದಾಜು ಪತ್ರಿಕೆ ಸಹಿತ ಕೊಡಿ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗೆ ವಹಿಸಬಹುದಾದ 29 ವಿಷಯಗಳಿವೆ. ಗ್ರಂಥಾಲಯ, ಶಿಕ್ಷಣ ಅದರಲ್ಲಿವೆ. ರಸ್ತೆ, ಸೇತುವೆಗಳ ಸಾಲಿನಲ್ಲೇ ‘ಇತರ ಸಂಪರ್ಕ ಸಾಧನಗಳು’ ಎಂಬುದೂ ಇದೆ. ಠರಾವಿನಲ್ಲಿ ಇದನ್ನು ಉಲ್ಲೇಖಿಸಿ.

ತಿಂಗಳ ಬಿಲ್ಲಿನ ವಿಷಯ ಬಂದಾಗ ಪಂಚಾಯತಿಯ ಸ್ವಂತ ಸಂಪನ್ಮೂಲ, ಅಂದರೆ ಮನೆ ಕರ, ಮಳಿಗೆ ಬಾಡಿಗೆಯ ಹಣವನ್ನು ಕೇಳಬೇಕು. ದಾನವಾಗಿ ಕೇಳಬೇಡಿ. ಕಚೇರಿಗೂ ಅರಿವು ಕೇಂದ್ರಕ್ಕೂ ಗಿರಾಕಿಯಾಗಿ ಚಂದಾ ಕಟ್ಟಲಿ.

*ಶಾಸಕರು, ಸಂಸದರು.* ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡೂ ಬಾಳಿಕೆ ಬರುವ ಸಮುದಾಯದ ಆಸ್ತಿಗೆ. ಕಂಬ, ಕೋಣೆ, ಸೌರ ಫಲಕ ಕೇಳಿ, ಸಂಪರ್ಕದ ಬಾಡಿಗೆ ಕೇಳಬೇಡಿ. ಅರ್ಜಿ ಪಂಚಾಯತಿಯ ಹೆಸರಿನಲ್ಲಿದ್ದರೆ ದಾರಿ ಸಲೀಸು. ಇನ್ನು ಕ್ಷೇತ್ರದ ವಿಷಯದಲ್ಲಿ ಎಡವುವವರು ಬಹಳ. ಗದಗ, ರೋಣ, ಶಿರಹಟ್ಟಿ ವಿಧಾನಸಭಾ ಕ್ಷೇತ್ರಗಳು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, ಆದರೆ ನರಗುಂದ ಬಾಗಲಕೋಟೆ ಕ್ಷೇತ್ರಕ್ಕೆ ಸೇರಿದೆ. ಶಿಗ್ಗಾಂವಿ ಹಾವೇರಿ ಜಿಲ್ಲೆಯದಾದರೂ ಲೋಕಸಭೆಗೆ ಧಾರವಾಡ ಕ್ಷೇತ್ರ. ತಪ್ಪು ಕಚೇರಿಗೆ ಹೋದ ಅರ್ಜಿ ತಾನಾಗಿ ಸರಿಯಾದ ಕಚೇರಿಗೆ ನಡೆದುಹೋಗುವುದಿಲ್ಲ.

*ಕಂಪನಿಗಳ ಸಿಎಸ್‌ಆರ್.* 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಗ್ರಾಮೀಣಾಭಿವೃದ್ಧಿ ಅದರ ಪಟ್ಟಿಯಲ್ಲಿದೆ. ತೊಡಕು ಏನೆಂದರೆ, ಕೆಲಸ ನಡೆಸುವ ಟ್ರಸ್ಟ್ ಅಥವಾ ಸಂಘಕ್ಕೆ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆಯ 12ಎ, 80ಜಿ ನೋಂದಣಿಗಳು ಬೇಕು. ಊರಿನ ಯುವಕ ಸಂಘಕ್ಕೆ ಇವು ಇರುವುದಿಲ್ಲ. ಹೊಸದಾಗಿ ಮಾಡಿಸಿಕೊಳ್ಳಲು ಓಡಾಡುವ ಬದಲು, ಇವೆಲ್ಲ ಇರುವ ಸಂಸ್ಥೆಯೊಂದರ ಮೂಲಕ ಪ್ರಸ್ತಾವ ಕಳಿಸಿ. ತಾಂತ್ರಿಕ ವರದಿಗೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಧಾರವಾಡದ ಐಐಟಿ ಮತ್ತು ಐಐಐಟಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರನ್ನು ಕೇಳಿ ನೋಡಿ. ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಸಮೀಕ್ಷೆ ಮಾಡಿಸಿಕೊಂಡರೆ ಸಲಹೆಗಾರರ ಶುಲ್ಕ ಉಳಿಯುತ್ತದೆ.

*ಸಹಕಾರ ಸಂಘ, ಶೇರು.* ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ನೆಲ ಇದು. ಶೇರು, ಸರ್ವಸಾಧಾರಣ ಸಭೆ, ಆಡಿಟ್ ಎಂಬುದನ್ನು ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಸಾಮಾನ್ಯ ಸೇವಾ ಕೇಂದ್ರ ನಡೆಸಲು 2023ರಿಂದ ದಾರಿ ತೆರೆದಿದೆ. ಸಂಘದ ಉಪವಿಧಿಯಲ್ಲಿ ಇಂಟರ್‌ನೆಟ್ ಸೇವೆ ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಸಭೆಯಲ್ಲಿ ತಿದ್ದುಪಡಿ ಮಾಡಿಸಿ ಸಹಕಾರ ಇಲಾಖೆಯ ಒಪ್ಪಿಗೆ ಪಡೆಯಿರಿ. ಇಂಗ್ಲೆಂಡಿನ ಲ್ಯಾಂಕಾಷೈರ್ ಹಳ್ಳಿಗಳಲ್ಲಿ 2011ರಲ್ಲಿ ಶುರುವಾದ ‘ಬಾರ್ನ್’ ಎಂಬ ಜಾಲವೂ ಊರವರ ಶೇರಿನಿಂದಲೇ ಎದ್ದದ್ದು. ರೈತರು ತಮ್ಮ ಹೊಲದಲ್ಲಿ ಬಿಟ್ಟಿಯಾಗಿ ದಾರಿ ಬಿಟ್ಟರು, ಅಗೆಯುವುದಕ್ಕೂ ಕೈ ಹಾಕಿದರು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಆಗಬಾರದೆಂದೇನಿಲ್ಲ.

ಎಚ್ಚರಿಕೆ: ನೋಂದಣಿಯಿಲ್ಲದ ಗುಂಪು ‘ಠೇವಣಿ ಕೊಡಿ, ಬಡ್ಡಿ ಸಮೇತ ವಾಪಸ್ ಕೊಡುತ್ತೇವೆ’ ಎಂದು ಹಣ ಎತ್ತಬಾರದು. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ನೋಂದಾಯಿತ ಸಂಘದ ಶೇರು ಅಥವಾ ಮರಳಿ ಕೊಡದ ಸಂಪರ್ಕ ಶುಲ್ಕ, ಎರಡರಲ್ಲಿ ಒಂದು. ಪ್ರತಿ ರೂಪಾಯಿಗೂ ರಸೀದಿ.

*ಬೆಂಗಳೂರು, ಪುಣೆಯಲ್ಲಿರುವ ಊರಿನವರು.* ಜಾತ್ರೆಗೆ ಬಂದಾಗ ಕೇಳಿ. ಕಂಬವೊಂದರ ಪೂರ್ತಿ ಖರ್ಚು ಹೊರಿಸಿ, ಅದರ ಮೇಲೆ ಅವರ ತಂದೆ ತಾಯಿಯ ಹೆಸರು ಬರೆಸಿ. ಗುಡಿಯ ಟ್ಯೂಬ್‌ಲೈಟಿನ ಮೇಲೂ ದಾನಿಯ ಹೆಸರು ಬರೆಯುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಹಂತ 6: ಅನುಮತಿಗಳು

ಹಣ ಬರುವ ಮೊದಲೇ ಅರ್ಜಿ ಹಾಕಿ. ಹಣ ಬಂದು ಅನುಮತಿ ಬಾರದಿದ್ದರೆ ಆರ್ಥಿಕ ವರ್ಷ ಮುಗಿದು ಅನುದಾನ ವಾಪಸ್ ಹೋಗುತ್ತದೆ.

ವಿದ್ಯುತ್ ಕಂಬದ ಮೇಲೆ ತಂತಿ ಕಟ್ಟಲು ಹೆಸ್ಕಾಂ ಅನುಮತಿ ಬೇಕು. ಅನುಮತಿ ಇಲ್ಲದ ಕೇಬಲನ್ನು ಕತ್ತರಿಸಿದರೆ ಕೇಳಲು ಬಾಯಿರುವುದಿಲ್ಲ. ಅಷ್ಟೇ ಅಲ್ಲ, ಲೈನ್‌ಮನ್ ಜೀವದ ಪ್ರಶ್ನೆಯೂ ಹೌದು. ರಸ್ತೆ ಪಕ್ಕ ಅಗೆಯುವುದಾದರೆ ಆ ರಸ್ತೆ ಯಾರದು ಎಂದು ಮೊದಲು ತಿಳಿಯಿರಿ: ಪಂಚಾಯತಿಯದೇ, ಲೋಕೋಪಯೋಗಿ ಇಲಾಖೆಯದೇ, ಹೆದ್ದಾರಿ ಪ್ರಾಧಿಕಾರದ್ದೇ. ದೂರಸಂಪರ್ಕ ತಂತಿಯ ದಾರಿಹಕ್ಕಿಗೆ 2025ರ ಜನವರಿ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಪರವಾನಗಿ ಇರುವ ನಿಮ್ಮ ಪಾಲುದಾರ ಕಂಪನಿಯ ಹೆಸರಿನಲ್ಲೇ ಆ ಅರ್ಜಿ ಹೋಗಲಿ. ರೈಲು ಹಳಿ ದಾಟುವ ದಾರಿಯನ್ನು ಆದಷ್ಟು ತಪ್ಪಿಸಿ.

ತಂತಿಯಿಲ್ಲದೆ ಹೋಗುವುದಾದರೆ ಕೆಲಸ ಹಗುರ. 5 ಗಿಗಾಹರ್ಟ್ಸ್ ವೈಫೈ ತರಂಗಗಳಿಗೆ 2018ರಿಂದ ಹೊರಾಂಗಣದಲ್ಲೂ ಪರವಾನಗಿ ಬೇಡ, ಆದರೆ ಶಕ್ತಿಯ ಮಿತಿ ಇದೆ. ಎರಡು ತುದಿಗಳು ಒಂದಕ್ಕೊಂದು ಕಾಣಬೇಕು. ನವಲಗುಂದ, ರೋಣದ ಬಯಲಿನಲ್ಲಿ ನೀರಿನ ಟಾಕಿಯಿಂದ ಟಾಕಿಗೆ ಇದು ಚೆನ್ನಾಗಿ ನಡೆಯುತ್ತದೆ. ಕಲಘಟಗಿ, ಅಳ್ನಾವರ, ಹಾನಗಲ್ಲದ ಕಡೆ ಮರಗಳು ಅಡ್ಡ ಬರುತ್ತವೆ. ಬೇಸಿಗೆಯಲ್ಲಿ ಎಲೆ ಉದುರಿದಾಗ ಪರೀಕ್ಷಿಸಿ ಖುಷಿಪಟ್ಟು, ಮಳೆಗಾಲದಲ್ಲಿ ಸಿಗ್ನಲ್ ಇಲ್ಲವೆಂದು ಕೂರಬೇಡಿ.

ಹಂತ 7: ಖರೀದಿ ಮತ್ತು ಅಗೆತ

ಪಂಚಾಯತಿ ಹಣವಿದ್ದರೆ 1999ರ ಪಾರದರ್ಶಕ ಖರೀದಿ ಕಾಯ್ದೆ ಅನ್ವಯಿಸುತ್ತದೆ. ಖರೀದಿ ಅವರ ಮೂಲಕವೇ ಆಗಲಿ. ಸಂಘದ ಹಣವಾದರೂ ಮೂರು ದರಪಟ್ಟಿ ತರಿಸಿ ಕಡತದಲ್ಲಿಡಿ. ಅತಿ ಅಗ್ಗದ್ದನ್ನು ಕೊಳ್ಳುವ ಮೊದಲು ಹುಬ್ಬಳ್ಳಿಯಲ್ಲೇ ದುರಸ್ತಿ ಸಿಗುತ್ತದೆಯೇ ಎಂದು ಕೇಳಿ. ಗುತ್ತಿಗೆದಾರರಿಗೆ ಪೂರ್ತಿ ಹಣ ಮುಂಗಡ ಕೊಡಬೇಡಿ. ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ ಎಂದು ಕರಾರಿನಲ್ಲಿ ಬರೆಸಿ.

ನಮ್ಮ ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅಡಿಪಾಯ ಗಟ್ಟಿಯಿಲ್ಲದ ಕಂಬ ಎರಡು ವರ್ಷದಲ್ಲಿ ವಾಲುತ್ತದೆ, ತೆಳುವಾಗಿ ಹೂತ ಕೊಳವೆ ಎಳೆದಾಡಿಸಿಕೊಳ್ಳುತ್ತದೆ. ಫೈಬರನ್ನು 1.65 ಮೀಟರ್ ಆಳದಲ್ಲಿ ಹೂಳುವುದು ಬಿಎಸ್‌ಎನ್‌ಎಲ್‌ನ ಹಳೆಯ ರೂಢಿ. ಗುತ್ತಿಗೆದಾರರು ಮೊಳದಷ್ಟು ಅಗೆದು ಮುಚ್ಚಿದರೆ ಮುಂದಿನ ಪೈಪ್‌ಲೈನ್ ಕಾಮಗಾರಿಯ ಜೆಸಿಬಿಗೆ ಮೊದಲು ಸಿಗುವುದು ಅದೇ. ಮುಚ್ಚುವ ಮೊದಲು ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಬಿಲ್ಲಿಗೆ ಅದನ್ನು ಲಗತ್ತಿಸಿ. ಅಗೆಯುವವರು ಮುಂಚೆ ತಿಳಿಸಲೆಂದು 2023ರಲ್ಲಿ ಕೇಂದ್ರ ‘ಕಾಲ್ ಬಿಫೋರ್ ಯೂ ಡಿಗ್’ ಎಂಬ ಆ್ಯಪ್ ತಂದಿದೆ. ಆದರೆ ಊರಿನ ಜೆಸಿಬಿ ಚಾಲಕರ ನಂಬರು ನಿಮ್ಮ ಬಳಿ, ನಿಮ್ಮ ನಂಬರು ಅವರ ಬಳಿ ಇರುವುದು ಅದಕ್ಕಿಂತ ಬೇಗ ಕೆಲಸಕ್ಕೆ ಬರುತ್ತದೆ.

ಯಾವ ತಿಂಗಳಲ್ಲಿ ಏನು

ಪಂಚಾಯತಿಗಳು ಮುಂದಿನ ವರ್ಷದ ಯೋಜನೆ ತಯಾರಿಸುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಹಾಗಾಗಿ ಮನೆ ಸಮೀಕ್ಷೆ ಮತ್ತು ತಿಂಗಳ ಲೆಕ್ಕ ಆಗಸ್ಟ್ ಒಳಗೆ ಮುಗಿದಿರಲಿ. ಸೆಪ್ಟೆಂಬರ್‌ನಲ್ಲಿ ಅಂದಾಜು ಪತ್ರಿಕೆ. ಅಕ್ಟೋಬರ್‌ನಿಂದ ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಠರಾವು. ಕ್ರಿಯಾಯೋಜನೆಯಲ್ಲಿ ನಿಮ್ಮ ಕಾಮಗಾರಿಯ ಸಾಲು ಸೇರಿದೆಯೇ ಎಂದು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನೀವೇ ನೋಡಿಕೊಳ್ಳಿ, ‘ಸೇರಿಸಿದ್ದೇವೆ’ ಎಂಬ ಬಾಯಿಮಾತು ಸಾಲದು. ಹಣ ಬಿಡುಗಡೆಯಾಗುವುದು ಮುಂದಿನ ಏಪ್ರಿಲ್ ನಂತರ, ಅಷ್ಟರಲ್ಲಿ ಮಳೆ ಹತ್ತಿರವಾಗಿರುತ್ತದೆ. ಆ ವರ್ಷ ಟಾಕಿಯ ಮೇಲಿನ ವೈಫೈ ಮಾತ್ರ ಮಾಡಿ. ಅಗೆಯುವ ಕೆಲಸವನ್ನು ಕಡಲೆ ಕಿತ್ತು ಹೊಲ ಖಾಲಿಯಾದ ಮೇಲೆ, ಫೆಬ್ರುವರಿಯಲ್ಲಿ ಶುರು ಮಾಡಿ ಮಾರ್ಚ್ 31ರೊಳಗೆ ಬಿಲ್ಲು ಸಲ್ಲಿಸಿ. ಬದುವಿನ ಪಕ್ಕ ದಾರಿ ಬಿಡುವ ರೈತರ ಒಪ್ಪಿಗೆಪತ್ರಗಳನ್ನು ದೀಪಾವಳಿಯ ಹೊತ್ತಿಗೇ ಬರೆಸಿಟ್ಟುಕೊಳ್ಳಿ.